ಒಳಗೆ ಕರೆಯುವ ಅಕ್ಷರ

ಪಕ್ಕದ ಮನೆಯ ಶೆನ್ ಮಾಸ್ತರರಿಂದ ನನ್ನ ಫೋನಿಗೆ ಒಂದು ಮೆಸೇಜು ಬಂತು. ಅವರು ಬರೆಯುವುದು ಚೀನೀ ಭಾಷೆಯಲ್ಲಿ, ನನ್ನ ಫೋನು ಅದನ್ನು ತಾನೇ ಇಂಗ್ಲಿಷಿಗೆ ತಿರುಗಿಸಿ ತೋರಿಸುತ್ತದೆ. ಆ ದಿನ ತೋರಿಸಿದ್ದು ಇಷ್ಟು: 'ನಿಮ್ಮ ಗಂಡನನ್ನು ಅಟ್ಯಾಚ್ ಮಾಡಿದ್ದೀರಾ?'

ನಾನು ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಔಷಧಿ ಕಂಪನಿಯೊಂದರಲ್ಲಿ ಕಾಗದಪತ್ರಗಳನ್ನು ತಪಾಸಣೆ ಮಾಡುವವಳು. ಅಟ್ಯಾಚ್‌ಮೆಂಟ್ ಬಂದಿಲ್ಲ, ಮತ್ತೊಮ್ಮೆ ಕಳಿಸಿ ಎಂದು ದಿನವಿಡೀ ಜನರಿಗೆ ಬರೆಯುವುದೇ ನನ್ನ ಕಸುಬು. ಮೆಟ್ರೋದಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅಭ್ಯಾಸಬಲದಿಂದ ಅದನ್ನೇ ಬರೆದು ಕಳಿಸಿದೆ. 'ಅಟ್ಯಾಚ್‌ಮೆಂಟ್ ಬಂದಿಲ್ಲ. ದಯವಿಟ್ಟು ಮತ್ತೊಮ್ಮೆ ಕಳಿಸಿ.'

ಸ್ವಲ್ಪ ಹೊತ್ತಿಗೆ ಉತ್ತರ ಬಂತು. 'ಕ್ಷಮಿಸಿ. ನನಗೆ ಗೊತ್ತಿರಲಿಲ್ಲ. ತೀರಿಹೋಗಿ ಇಷ್ಟು ಸಮಯವಾಯಿತಲ್ಲ, ಆಗಿರಬಹುದು ಎಂದುಕೊಂಡೆ. ದುಃಖಕ್ಕೆ ಅವಸರ ಇಲ್ಲ.'

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವಳು ನಾನು. ಬೆಲ್ಲಾ ವಿಸ್ಟಾ ಸ್ಟೇಷನ್ ದಾಟುವಾಗ ತಲೆಗೆ ಹೊಳೆಯಿತು: ಮಾಸ್ತರರು ಕೇಳಿದ್ದು ಫೈಲಿನ ವಿಷಯವಲ್ಲ, ಪ್ರೇಮನಾಥರ ವಿಷಯ. ಮೊದಲು ನಗು ಬಂತು. ಆಮೇಲೆ ಅದೇ ನಗು ಅಳುವಾಯಿತು. ಎದುರಿಗೆ ಕೂತಿದ್ದ ಹುಡುಗಿ ಎದ್ದು ಸೀಟು ಕೊಟ್ಟಳು.

ಪ್ರೇಮನಾಥ ನನ್ನ ಗಂಡ. ಕೌನ್ಸಿಲ್ ಆಫೀಸಿನಲ್ಲಿ ಮಳೆನೀರಿನ ಚರಂಡಿಗಳ ನಕ್ಷೆ ಮಾಡುವ ಇಂಜಿನಿಯರ್ ಆಗಿದ್ದರು. 'ಕಾರ್ಕಳದ ಮಳೆಯಲ್ಲಿ ನೆನೆದವನಿಗೆ ಇವರದ್ದು ಎಂತ ಮಳೆ' ಎಂದು ಸಿಡ್ನಿಯ ಮಳೆಯನ್ನು ಗೇಲಿ ಮಾಡುತ್ತಿದ್ದರು. ಒಂದೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ಷೂ ಲೇಸು ಕಟ್ಟಲು ಬಗ್ಗಿದವರು ಮತ್ತೆ ಏಳಲಿಲ್ಲ. ಐವತ್ತನಾಲ್ಕು ಸಾಯುವ ವಯಸ್ಸಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಯಾರ ಮೇಲೆ ಎಂದು ಕೇಳಬೇಡಿ, ಎದುರು ಸಿಕ್ಕಿದವರ ಮೇಲೆ.

ಸುಟ್ಟದ್ದಾಯಿತು, ಬೂದಿಯನ್ನು ನದಿಗೆ ಬಿಟ್ಟದ್ದಾಯಿತು, ಭಟ್ಟರನ್ನು ಕರೆಸಿ ಹಾಲ್‌ನಲ್ಲಿ ಪೂಜೆ ಮಾಡಿಸಿ ಊಟ ಹಾಕಿದ್ದೂ ಆಯಿತು. ಉಳಿದದ್ದು ಒಂದೇ. ಅದನ್ನು ನಮ್ಮ ತುಳುವಿನಲ್ಲಿ 'ಉಲಾಯಿ ಲೆಪ್ಪುನಿ' ಎನ್ನುತ್ತಾರೆ, ಎಂದರೆ ಒಳಗೆ ಕರೆಯುವುದು. ಸತ್ತವರು ಕೂಡಲೇ ಹಿರಿಯರ ಸಾಲಿಗೆ ಸೇರುವುದಿಲ್ಲ. ಅಂಗಳದಲ್ಲೋ ಮಾಡಿನ ಕೆಳಗೋ ನಿಂತಿರುತ್ತಾರೆ. ಒಂದು ದಿನ ಮನೆಯೊಳಗೆ ಹಿರಿಯರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದು, ಹೊಸಬರನ್ನು ಹೆಸರು ಹಿಡಿದು ಕರೆದು ಒಳಗೆ ಕರೆದುಕೊಂಡು ಹೋಗಬೇಕು. ಹಿರಿಯರಿಗೆ ನಮ್ಮಲ್ಲಿ 'ಹದಿನಾರು ಮಂದಿ' ಎನ್ನುವುದು ರೂಢಿ. ಒಳಗೆ ಹೋದ ಮೇಲೆ ಅವರೂ ಆ ಹದಿನಾರು ಮಂದಿಯಲ್ಲಿ ಒಬ್ಬರು. ಆಮೇಲೆ ಅವರು ಯಾರೊಬ್ಬರ ಗಂಡನೂ ಅಲ್ಲ, ಯಾರೊಬ್ಬರ ಅಪ್ಪನೂ ಅಲ್ಲ.

ಕರೆಯಬೇಕಾದದ್ದು ಯಾರ ಮನೆಯ ಒಳಗೆ ಎಂಬುದೇ ನನ್ನ ಸಂಕಟ. ನಮ್ಮದು ಅಳಿಯಕಟ್ಟು. ಗಂಡಸು ತಾಯಿಯ ಕುಟುಂಬಕ್ಕೆ ಸೇರಿದವನು. ಬದುಕಿರುವಾಗ ಹೆಂಡತಿಯ ಜೊತೆ ಎಲ್ಲಿ ಬೇಕಾದರೂ ಇರಲಿ, ಸತ್ತ ಮೇಲೆ ಅವನ ಎಲೆ ಅಕ್ಕತಂಗಿಯರ ಮನೆಯಲ್ಲಿ. ನಾನು ಸತ್ತರೆ ನನ್ನ ತಾಯಿಯ ಕುಟುಂಬಕ್ಕೆ, ನನ್ನ ಮಗಳು ನಿರೀಕ್ಷಾಳೂ ಅಲ್ಲಿಗೇ. ಇಪ್ಪತ್ತಾರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರು ಸತ್ತ ಮೇಲೆ ಬೇರೆ ಬೇರೆ ಮನೆಯ ಬೇರೆ ಬೇರೆ ಎಲೆಗೆ. ಮದುವೆಯಾಗುವಾಗ ಇದನ್ನೆಲ್ಲ ಯಾರು ಯೋಚಿಸುತ್ತಾರೆ.

ಪ್ರೇಮನಾಥರಿಗೆ ಒಬ್ಬಳೇ ಅಕ್ಕ, ನೀಲಕ್ಕ. ಇವರು ತೀರಿಕೊಂಡಾಗ ಊರಿನ ಅವರ ಕುಟುಂಬದ ಮನೆ ರಸ್ತೆ ಅಗಲ ಮಾಡುವುದಕ್ಕೆ ಹೋಗಿ ಆಗಿತ್ತು. ನೀಲಕ್ಕ ಯಾರದೋ ಬಾಡಿಗೆ ಮನೆಯಲ್ಲಿದ್ದಳು, ಆಮೇಲೆ ಮೆಲ್ಬರ್ನಿಗೆ ಮಗ ಪ್ರತೀಕನ ಹತ್ತಿರ ಬಂದಳು. ಅವನೂ ರೆಂಟ್ ಮನೆಯಲ್ಲಿದ್ದ. ಬಾಡಿಗೆ ಮನೆಗೆ ಹಿರಿಯರನ್ನು ಕರೆಯುವ ಕ್ರಮ ಇಲ್ಲ. ಒಳಗೆ ಕರೆಯೋಣ ಎಂದರೆ ಒಳಗೇ ಇರಲಿಲ್ಲ. ಎಲ್ಲರೂ ಪೇಚಾಡಿದರು, ನಾನೂ ಅವರ ಜೊತೆ ಸೇರಿ ಚ್ಚು ಚ್ಚು ಅಂದೆ. ಮನಸ್ಸಿನಲ್ಲಿ ಮಾತ್ರ ಹಾಲು ಕುಡಿದಷ್ಟು ಸಂತೋಷವಾಯಿತು. ಒಳಗೆ ಹೋಗುವವರೆಗೆ ಅವರು ಹೊರಗಿರುತ್ತಾರೆ, ನನ್ನ ರೌಸ್ ಹಿಲ್ಲಿನ ಮನೆಯ ಹಿತ್ತಿಲಲ್ಲಿ, ನನ್ನವರಾಗಿ.

ಹಿಂಬಾಗಿಲ ಮೆಟ್ಟಿಲ ಮೇಲೆ ದಿನಾ ಒಂದು ಚೊಂಬು ನೀರು ಇಡುತ್ತಿದ್ದೆ. ಬೆಳಿಗ್ಗೆ ಅದನ್ನು ಗಿಡದ ಬುಡಕ್ಕೆ ಚೆಲ್ಲಿ, ಆಫೀಸಿನ ರಾಮಾಯಣ ಹೇಳಿ ಹೊರಡುತ್ತಿದ್ದೆ. 'ಮಾರಾಯ್ರೇ, ನಿನ್ನೆ ಆ ಬೋಳಿಮಗ ಮ್ಯಾನೇಜರ್ ಹೀಗೆ ಮಾಡಿದ' ಎಂದರೆ ಬದುಕಿದ್ದಾಗ ಎಷ್ಟು ಉತ್ತರ ಕೊಡುತ್ತಿದ್ದರೋ ಈಗಲೂ ಅಷ್ಟೇ. ಅವರ ಹೆಸರನ್ನು ನಾನು ಬಾಯಿಬಿಟ್ಟು ಕರೆದವಳಲ್ಲ. ಮದುವೆಯಾದ ಲಾಗಾಯ್ತಿನಿಂದ ಮಾರಾಯ್ರೇ ಎಂದೇ. ಬೇಲಿಯ ಆಚೆಯಿಂದ ಶೆನ್ ಮಾಸ್ತರರು ಇದನ್ನೆಲ್ಲ ನೋಡುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ನಮ್ಮಿಬ್ಬರ ಸ್ನೇಹಕ್ಕೆ ಕಾರಣ ಬಸಳೆ. ನನ್ನ ಬಸಳೆಯ ಬಳ್ಳಿ ಬೇಲಿ ಹತ್ತಿ ಅವರ ಕಡೆ ಇಳಿದಿತ್ತು, ಕ್ಷಮೆ ಕೇಳಲು ಹೋದರೆ ಅವರು ಆಗಲೇ ಕೊಯ್ದು ಬೆಳ್ಳುಳ್ಳಿ ಹಾಕಿ ಹುರಿದು ತಿಂದಿದ್ದರು.

ಈ ಜೂನ್ ತಿಂಗಳಲ್ಲಿ ನೀಲಕ್ಕನ ಫೋನು ಬಂತು. ಪ್ರತೀಕ್ ಮೆಲ್ಬರ್ನಿನ ಟಾರ್ನೀಟಿನಲ್ಲಿ ಸ್ವಂತ ಮನೆ ಕಟ್ಟಿಸಿ ಒಕ್ಕಲೂ ಆಗಿದ್ದ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಹರಿಣಾ, ಇನ್ನು ಅವನನ್ನು ಹೊರಗೆ ನಿಲ್ಲಿಸುದು ಬೇಡ," ಎಂದಳು. "ಬರುವ ಆಟಿ ತಿಂಗಳಲ್ಲಿ ಕರೆಯುವ. ಸತ್ತವರಿಗೆ ಬಡಿಸುವ ತಿಂಗಳು ಅಲ್ವಾ ಅದು. ಶನಿವಾರವೇ ಇಟ್ಟುಕೊಳ್ಳುವ, ನಿನಗೆ ರಜೆ ಉಂಟಲ್ಲ."

"ಅಷ್ಟು ಅವಸರ ಎಂತದಕ್ಕೆ ನೀಲಕ್ಕ?"

"ಅವಸರವಾ? ಅವ ಒಂದೂವರೆ ವರ್ಷದಿಂದ ಅಂಗಳದಲ್ಲಿ ನಿಂತಿದ್ದಾನೆ ಮಾರಾಯ್ತಿ. ಈಗ ಚಳಿ ಬೇರೆ."

"ನನ್ನ ಮನೆಗೆ ಕರೆದರೆ ಆಗುದಿಲ್ವಾ?"

"ನಿನ್ನ ಮನೆಯಲ್ಲಿ ಅವನ ಹದಿನಾರು ಮಂದಿ ಎಲ್ಲಿದ್ದಾರೆ? ಅವ ಒಬ್ಬನೇ ಕೂತು ಉಣ್ಣುದಾ?" ಎಂದಳು ನೀಲಕ್ಕ. ನಾನು ಸಿಟ್ಟಿನಲ್ಲಿ ಫೋನಿಟ್ಟೆ. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಅಷ್ಟು ಸಿಟ್ಟು ಬಂದದ್ದು.

ನರ್ಸಿಂಗ್ ಓದುತ್ತಿರುವ ನಿರೀಕ್ಷಾ ತುಳುವಿನಲ್ಲಿ ಕೇಳಿದ್ದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. "ಅಮ್ಮಾ, ಡ್ಯಾಡ್ ಈಸ್ ನಾಟ್ ಎ ಪಾರ್ಸೆಲ್," ಎಂದಳು. "ವೈ ಆರ್ ಯು ಟೂ ಫೈಟಿಂಗ್ ಓವರ್ ದಿ ಅಡ್ರೆಸ್?"

ಇಷ್ಟೆಲ್ಲ ನಡೆಯುತ್ತಿರುವಾಗಲೇ ಮಾಸ್ತರರ ಮೆಸೇಜು ಬಂದದ್ದು. ಮರುದಿನ ಶನಿವಾರ. ಮಾಸ್ತರರು ತಮ್ಮ ಡ್ರೈವ್‌ವೇಯಲ್ಲಿ ಉದ್ದ ಕೋಲಿನ ಕುಂಚ ಹಿಡಿದು ನಿಂತಿದ್ದರು. ಬಿಸಿಲಿದ್ದ ಬೆಳಿಗ್ಗೆಗಳಲ್ಲಿ ಕುಂಚವನ್ನು ಬಕೆಟಿನ ನೀರಿಗೆ ಅದ್ದಿ ಕಾಂಕ್ರೀಟಿನ ಮೇಲೆ ದೊಡ್ಡ ದೊಡ್ಡ ಅಕ್ಷರ ಬರೆಯುವುದು ಅವರ ವ್ಯಾಯಾಮ. ಸಾಲು ಮುಗಿಸುವುದರೊಳಗೆ ಮೊದಲ ಅಕ್ಷರ ಒಣಗಿರುತ್ತದೆ. ಊರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಹಳೆಯ ಚೀನೀ ಭಾಷೆ ಕಲಿಸಿದವರು, ಹೆಂಡತಿ ತೀರಿಕೊಂಡ ಮೇಲೂ ಇಲ್ಲಿ ಮಗಳ ಮನೆಯಲ್ಲೇ ಉಳಿದವರು.

ನಾನು ಹೋಗಿ ನಿನ್ನೆಯ ಎಡವಟ್ಟನ್ನು ಹೇಳಿದೆ. ಅವರು ಫೋನಿಗೆ ಮಾತಾಡಿದರೆ ಅದರೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವಳು ಚೀನಿಯಲ್ಲಿ ಒಪ್ಪಿಸುತ್ತಾಳೆ. ಅಟ್ಯಾಚ್‌ಮೆಂಟಿನ ಕತೆ ಕೇಳಿ ಮಾಸ್ತರರು ಕುಂಚವನ್ನು ಊರಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಒಂದು ಅಕ್ಷರ ಬರೆದರು.

祔

"ಫು," ಎಂದರು. ನಿನ್ನೆ ಮೆಸೇಜಿನಲ್ಲಿ ಬರೆದದ್ದು ಇದನ್ನೇ. ಈಗ ಯಾರೂ ಬಳಸದ ಅಕ್ಷರವಂತೆ, ಅವರ ಮಗಳಿಗೂ ಗೊತ್ತಿಲ್ಲವಂತೆ. ಎಡಗಡೆಯದು ಕಾಣಿಕೆ ಇಡುವ ಕಲ್ಲಿನ ಪೀಠ. ಬಲಗಡೆ ಒಬ್ಬ ಮನುಷ್ಯ ಮತ್ತು ಒಂದು ಕೈ, ಒಪ್ಪಿಸುತ್ತಿರುವ ಕೈ. ಬಲಗಡೆಯದು ಬರೀ ಉಚ್ಚಾರಕ್ಕೆ ಎಂದು ಪಂಡಿತರು ಹೇಳುವುದುಂಟು, ನಾನು ಮಾತ್ರ ಮಕ್ಕಳಿಗೆ ಹೀಗೆಯೇ ಕಲಿಸಿದ್ದು ಎಂದರು. ಎಡಗಡೆಯ ಪೀಠವನ್ನು ತೆಗೆದು ಬೇರೊಂದು ಗುರುತು ಹಾಕಿದರೆ ಆಫೀಸಿನ ಅಟ್ಯಾಚ್‌ಮೆಂಟು. ಫೋನಿಗೆ ಆ ವ್ಯತ್ಯಾಸ ತಿಳಿಯಲಿಲ್ಲ.

"ಅರ್ಥ ಎಂತದು?" ಎಂದೆ.

ಫೋನಿನ ಹೆಂಗಸು ತಡೆದು ತಡೆದು ಹೇಳಿದಳು. ಬಹಳ ಹಿಂದೆ ಯಾರಾದರೂ ಸತ್ತರೆ ಅಳುವ ದಿನಗಳು ಮುಗಿದ ಮೇಲೆ ಅವರ ಹೆಸರಿನ ಹಲಗೆಯನ್ನು ಹಿರಿಯರ ಗುಡಿಗೆ ಒಯ್ಯುತ್ತಿದ್ದರು. ಹೊಸದಾಗಿ ಸತ್ತವನಿಗೆ ಅಲ್ಲಿ ಗುರುತು ಪರಿಚಯ ಇಲ್ಲ. ಅವನನ್ನು ಅಪ್ಪನ ಪಕ್ಕದಲ್ಲಲ್ಲ, ಅಜ್ಜನ ಪಕ್ಕದಲ್ಲಿ ಇಟ್ಟು, ಇಬ್ಬರಿಗೂ ಒಟ್ಟಿಗೆ ಬಡಿಸಿ, ಇವ ನಿಮ್ಮ ಮೊಮ್ಮಗ, ಇನ್ನು ನಿಮ್ಮವ ಎಂದು ಒಪ್ಪಿಸುವುದು. ಆ ಪೂಜೆಯ ಹೆಸರು ಫು.

ಕಾರ್ಕಳದ ಯಾರೋ ಅಜ್ಜಿ ಚೀನಾಕ್ಕೆ ಹೋಗಿ ಕಲಿಸಿ ಬಂದಳೋ ಏನೋ. ಉಲಾಯಿ ಲೆಪ್ಪುನಿಗೆ ನಮ್ಮಲ್ಲಿ ಇಡೀ ಮನೆ, ಎಲೆ, ಬಾಗಿಲು, ಬಂಧುಬಳಗ ಬೇಕು, ಇವರು ಅಷ್ಟನ್ನೂ ಒಂದು ಅಕ್ಷರದಲ್ಲಿ ಮುಗಿಸಿದ್ದಾರೆ. "ಹೆಂಡತಿ ಸತ್ತರೆ?" ಎಂದು ಕೇಳಿದೆ.

"ಹೆಂಡತಿ ಗಂಡನ ಅಜ್ಜಿಯ ಪಕ್ಕ. ಗಂಡ ಹೆಂಡತಿಯನ್ನು ಒಂದೇ ಕಡೆ ಹೂಳುವುದಕ್ಕೂ ಇದೇ ಅಕ್ಷರ," ಎಂದಿತು ಫೋನು.

ಸತ್ತು ಸಾವಿರಾರು ವರ್ಷವಾದ ಚೀನಾದ ಹೆಂಡತಿಯರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಕ್ರಮವನ್ನು ಮಾಸ್ತರರಿಗೆ ಹೇಳಿದೆ. ಅಕ್ಕನ ಮನೆ, ಬೇರೆ ಎಲೆ, ನಾನು ಒಂದು ಕಡೆ ಅವರು ಒಂದು ಕಡೆ. ಹೇಳುತ್ತಾ ಅತ್ತುಬಿಟ್ಟೆ. ಫೋನಿನ ಹೆಂಗಸು ಅಳು ಅರ್ಥವಾಗದೆ, 'ದಯವಿಟ್ಟು ಇನ್ನೊಮ್ಮೆ ಹೇಳಿ' ಎಂದಳು.

ಮಾಸ್ತರರು ನೆಲ ನೋಡುತ್ತಿದ್ದರು. ಅಕ್ಷರದ ಅರ್ಧ ಆಗಲೇ ಆರಿತ್ತು. ಅವರು ಮತ್ತೆ ಕುಂಚ ಅದ್ದಿ ಅದರ ಮೇಲೆಯೇ ತಿದ್ದಿದರು. ಆಮೇಲೆ ನಿಧಾನಕ್ಕೆ ಮಾತಾಡಿದರು.

"ಇನ್ನೊಂದು ಮಾತಿದೆ. ಗುಡಿಯಲ್ಲಿ ಒಪ್ಪಿಸಿ ಆದ ಮೇಲೆ ಹಲಗೆಯನ್ನು ಅಲ್ಲೇ ಬಿಟ್ಟು ಬರುತ್ತಿರಲಿಲ್ಲ. ವಾಪಸು ಮನೆಗೆ, ಅವರು ಮಲಗುತ್ತಿದ್ದ ಕೋಣೆಗೆ ತರುತ್ತಿದ್ದರು. ದುಃಖದ ಕಾಲ ಮುಗಿಯುವವರೆಗೆ ಹಲಗೆ ಅಲ್ಲೇ ಇರಬೇಕು. ಹಾಗಲ್ಲ ಎಂದು ವಾದ ಮಾಡಿದವರೂ ಇದ್ದಾರೆ. ನಾನು ಹೌದು ಎಂದವರ ಪಕ್ಷ. ನನಗೆ ಅದು ಹೌದಾಗಬೇಕಿತ್ತು."

ಅವರ ಊರಿನ ಹಿರಿಯರ ಗುಡಿ ಅವರು ಹುಟ್ಟುವ ಮೊದಲೇ ಇಲ್ಲವಾಗಿತ್ತಂತೆ. ಒಪ್ಪಿಸಲು ಗುಡಿಯೂ ಇಲ್ಲ, ಅಜ್ಜಿಯೂ ಇಲ್ಲ. ಹಾಗಾಗಿ ಹೆಂಡತಿಗೆ ಅವರು ಎರಡನೆಯ ಅರ್ಧ ಮಾತ್ರ ಮಾಡಿದರಂತೆ. ಹೆಸರು ಬರೆದ ಹಲಗೆ ಅವರ ಮಂಚದ ಪಕ್ಕದಲ್ಲಿದೆ. "ನಿಮಗೆ ಗುಡಿ ಇದೆ, ಅಜ್ಜ ಇದ್ದಾರೆ. ನೀವು ಪುಣ್ಯವಂತರು," ಎಂದರು. ಅದನ್ನು ಕೇಳಿ ನನ್ನ ಹೊಟ್ಟೆಕಿಚ್ಚಿಗೆ ಸ್ವಲ್ಪ ನಾಚಿಕೆಯಾಯಿತು.

ಆಟಿ ತಿಂಗಳು ಬಂತು. ನಿರೀಕ್ಷಾಳಿಗೆ ಆಸ್ಪತ್ರೆಯಲ್ಲಿ ತರಬೇತಿ, ರಜೆ ಇಲ್ಲ. ನಾನೊಬ್ಬಳೇ ಬೆಳಗಿನ ವಿಮಾನ ಹತ್ತಿದೆ. ಹೊರಡುವ ಮೊದಲು ಹಿತ್ತಿಲಿಗೆ ಹೋಗಿ, "ಮಾರಾಯ್ರೇ, ಅಕ್ಕ ಕರೀತಿದ್ದಾಳೆ, ನಡೀರಿ," ಎಂದೆ. ಬೇರೆ ಏನು ಹೇಳಲೂ ಧೈರ್ಯ ಸಾಲಲಿಲ್ಲ. ವಿಮಾನದಲ್ಲಿ ಪಕ್ಕದ ಸೀಟಿಗೆ ದೊಡ್ಡ ಹೆಡ್‌ಫೋನಿನ ಒಬ್ಬ ಹುಡುಗ ಬಂದು ಕೂತಾಗ ಸುಮ್ಮನೆ ಅವನ ಮೇಲೆ ಸಿಟ್ಟಾಯಿತು.

ಟಾರ್ನೀಟ್ ಎಂದರೆ ಬಯಲು. ಸಾಲಾಗಿ ಹೊಸ ಮನೆಗಳು, ಕೋಲಿಗೆ ಕಟ್ಟಿದ ಎಳೆ ಗಿಡಗಳು, ತಡೆಯುವವರಿಲ್ಲದ ಗಾಳಿ. ನೀಲಕ್ಕ ಬೆಳಗ್ಗೆಯೇ ಎದ್ದು ಕೋಳಿಸಾರು, ಬಂಗುಡೆ ಮೀನಿನ ಪುಳಿಮುಂಚಿ, ನೀರುದೋಸೆ, ಪಾಯಸ ಎಲ್ಲ ಮಾಡಿ ಮುಗಿಸಿದ್ದಳು. ಬಾಳೆಲೆ ಅಂಗಡಿಯ ಫ್ರೀಜರಿನಿಂದ ಬಂದದ್ದು, ಬಿಸಿನೀರಿನಲ್ಲಿ ಅದ್ದಿ ಬಿಡಿಸಿದೆವು. ಮೊದಲಿನಿಂದಲೂ ನನಗೂ ನೀಲಕ್ಕನಿಗೂ ಎಣ್ಣೆ ಸೀಗೆಕಾಯಿ. ಅಡುಗೆ ಮನೆಯಲ್ಲಿ ಉಪ್ಪು ಸಾಕಾ ನೋಡು ಎಂಬಷ್ಟರ ಹೊರತು ಮಾತಿಲ್ಲ. ಪ್ರತೀಕನ ಹೆಂಡತಿ ಆಸ್ಪತ್ರೆಯ ಡ್ಯೂಟಿಯಲ್ಲಿದ್ದಳು, ಊಟದ ಹೊತ್ತಿಗೆ ಬರುವವಳು.

ಹಾಲ್‌ನಲ್ಲಿ ಎಲೆಗಳ ಸಾಲು ಹಾಕಿದೆವು. ಕೊನೆಯ ಎಲೆ ಪ್ರೇಮನಾಥರದ್ದು. ಅದಕ್ಕೆ ಬಂಗುಡೆಯನ್ನು ನಾನೇ ಬಡಿಸಿದೆ. ದೀಪ ಹಚ್ಚಿ, ಕೈಮುಗಿದು, ಮೂವರೂ ಹೊರಗೆ ಬಂದೆವು. ಪ್ರತೀಕ್ ಕೈದೀಪ ಹಿಡಿದುಕೊಂಡು, ಕ್ರಮ ತಪ್ಪಬಾರದೆಂದು ಬಾಗಿಲನ್ನು ಭದ್ರವಾಗಿ ಎಳೆದ. ಟಪ್ ಎಂದು ಸದ್ದಾಯಿತು. ಆ ಸದ್ದಿಗೆ ಅವನು ಜೇಬು ತಡಕಿಕೊಂಡ.

"ಅಮ್ಮ, ಕೀ ಒಳಗುಂಟು."

ಊರಿನ ಬಾಗಿಲಾದರೆ ಎಳೆದರೆ ಮುಚ್ಚುತ್ತದೆ, ದೂಡಿದರೆ ತೆರೆಯುತ್ತದೆ. ಇಲ್ಲಿಯದು ಎಳೆದರೆ ತಾನಾಗಿ ಲಾಕ್. ಒಳಗೆ ಕರೆಯುವ ಶಾಸ್ತ್ರ ಮಾಡಿದ ಹಿರಿಯರಿಗೆ ಇಂತಹ ಬಾಗಿಲಿನ ಕಲ್ಪನೆ ಎಲ್ಲಿಂದ ಬರಬೇಕು. ಹಿಂಬಾಗಿಲೂ ಭದ್ರ, ಗ್ಯಾರೇಜೂ ಭದ್ರ, ಕಿಟಕಿಗಳೂ ಭದ್ರ. ಪ್ರತೀಕ್ ಹೆಂಡತಿಗೆ ಫೋನು ಮಾಡಿದ. ಇನ್ನೊಂದು ಕೀ ಅವಳ ಹತ್ತಿರ, ಬರಲು ಒಂದು ಗಂಟೆಯಾದರೂ ಬೇಕು. ಬೀಗ ತೆಗೆಯುವವನಿಗೆ ಫೋನು ಮಾಡಿದರೆ ಅವನಿಗೂ ಅಷ್ಟೇ ಹೊತ್ತು. ಪ್ರತೀಕ್ ತಲೆ ತಗ್ಗಿಸಿಕೊಂಡು ರಸ್ತೆಯ ತುದಿಗೆ ಹೋಗಿ ನಿಂತ.

ಹಾಗೆ ಹದಿನಾರು ಮಂದಿ ಒಳಗೆ ಬಿಸಿ ಸಾರಿನ ಮುಂದೆ ಕೂತರು, ನಾವು ಡ್ರೈವ್‌ವೇಯಲ್ಲಿ. ಪ್ರೇಮನಾಥರೂ ನಮ್ಮ ಜೊತೆ ಹೊರಗೆ. ಕೀ ಬರದೇ ಇರಲಿ ಎಂದು ನಾನು ಬೇಡಿಕೊಂಡೆ. ಸೊಸೆಗೆ ಟ್ರಾಫಿಕ್ ಸಿಗಲಿ, ಕಾರಿನ ಟೈರು ಪಂಕ್ಚರ್ ಆಗಲಿ. ಇನ್ನೊಂದು ಗಂಟೆ, ಇನ್ನೊಂದು ದಿನ ಅವರು ನನ್ನ ಜೊತೆ ಅಂಗಳದಲ್ಲಿರಲಿ.

ನೀಲಕ್ಕ ಮೆಟ್ಟಿಲ ಮೇಲೆ ಕೂತಳು. ಚಳಿಗೆ ಶಾಲನ್ನು ಕಿವಿಗೆ ಸುತ್ತಿಕೊಂಡು, "ಕೂತ್ಕೊ," ಎಂದಳು. ನಾನು ಕೂರಲಿಲ್ಲ.

"ನೀನು ಇದಕ್ಕೆ ಮನಸ್ಸಿಟ್ಟು ಬರ್ಲಿಲ್ಲ," ಎಂದಳು. "ಅದಕ್ಕೇ ಬಾಗಿಲು ಹಾಕಿಕೊಂಡದ್ದು."

ನನಗೆ ರೇಗಿತು. "ಮನಸ್ಸು ಹೇಗೆ ಬರ್ತದೆ ನೀಲಕ್ಕ? ಇವತ್ತು ನೀವು ಅವರನ್ನು ಒಳಗೆ ತಕೊಳ್ತೀರಿ. ನಾಳೆ ನಾನು ಸತ್ತರೆ ನನ್ನನ್ನು ನನ್ನ ತಾಯಿಮನೆಗೆ ಕರೀತಾರೆ. ಮತ್ತೆ ನಾವಿಬ್ಬರು ಸಿಗುದು ಎಲ್ಲಿ? ಯಾವ ಬಾಗಿಲಲ್ಲಿ ನಿಂತು ನಾನು ಅವರನ್ನು ಹುಡುಕುದು?" ಹೇಳಬಾರದೆಂದು ಒಂದೂವರೆ ವರ್ಷ ನುಂಗಿಕೊಂಡದ್ದು ಒಂದೇ ಉಸಿರಿಗೆ ಹೊರಬಂತು. ಶೆನ್ ಮಾಸ್ತರರನ್ನೂ ಬಿಡಲಿಲ್ಲ. ಚೀನಾದವರ ಅಕ್ಷರ, ಅಜ್ಜನಿಗೆ ಒಪ್ಪಿಸುವುದು, ಆಮೇಲೆ ಮಲಗುವ ಕೋಣೆಗೆ ವಾಪಸು ತರುವುದು, ಎಲ್ಲವನ್ನೂ ಜಗಳದ ದನಿಯಲ್ಲೇ ಹೇಳಿದೆ.

"ಚೀನಾದವರ ಕ್ರಮ ಚೀನಾದವರಿಗೆ," ಎಂದಳು ನೀಲಕ್ಕ. ಗಾಳಿ ಬೀಸುತ್ತಿತ್ತು. ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು.

"ನನ್ನ ಗಂಡ ಎಲ್ಲಿದ್ದಾರೆ, ಗೊತ್ತುಂಟಾ ನಿನಗೆ?"

ನೀಲಕ್ಕನ ಗಂಡ ಸತ್ತು ಬಹಳ ವರ್ಷವಾಗಿತ್ತು. ನಾನು ಎಂದೂ ಅದನ್ನು ಯೋಚಿಸಿದವಳಲ್ಲ.

"ಅವರ ತಂಗಿಯ ಮನೆಯಲ್ಲಿ, ಮೂಡಬಿದಿರೆಯಲ್ಲಿ. ಕರೆಯುವ ದಿನ ನಾನು ಅಲ್ಲಿ ಅಡುಗೆ ಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಇದ್ದೆ. ಹೊರಗಿಂದ ಕರೆಯುದು ಕೇಳಿತು. ಅವರು ಒಳಗೆ ಬಂದರು ಅಂತ ಎಲ್ಲ ಹೇಳಿದರು. ನನ್ನ ಹತ್ರ ಯಾರೂ ಒಂದು ಮಾತು ಕೇಳ್ಲಿಲ್ಲ. ನಾನೂ ಯಾರ ಹತ್ರವೂ ಹೇಳ್ಲಿಲ್ಲ. ಈಗ ವರ್ಷಕ್ಕೊಮ್ಮೆ ಅಲ್ಲಿ ಬಡಿಸುವಾಗ ಫೋನಿನಲ್ಲಿ ತೋರಿಸ್ತಾರೆ, ನೋಡ್ತೇನೆ."

ನಾನು ಅವಳ ಪಕ್ಕದಲ್ಲಿ ಕೂತೆ. ಸಿಮೆಂಟಿನ ಮೆಟ್ಟಿಲು ಕೊರೆಯುತ್ತಿತ್ತು. ಅವಳು ತನ್ನ ಶಾಲಿನ ಒಂದು ತುದಿಯನ್ನು ನನ್ನ ಮೊಣಕಾಲಿಗೆ ಎಳೆದಳು.

"ವಾಪಸು ಕೋಣೆಗೆ ತರ್ತಾರೆ ಅಂದಿ ಅಲ್ವಾ ನೀನು," ಎಂದಳು. "ಎಷ್ಟು ಸಮಯಕ್ಕೆ?"

"ದುಃಖ ಮುಗಿಯುವವರೆಗೆ ಅಂತೆ."

"ಮುಗಿಯಿತು ಅಂತ ಯಾರು ಹೇಳುದು?"

"ಅದಕ್ಕೂ ಒಂದು ಲೆಕ್ಕ ಉಂಟಂತೆ."

"ಲೆಕ್ಕ ಇಟ್ಟವ ಗಂಡಸೇ ಇರಬೇಕು," ಎಂದಳು ನೀಲಕ್ಕ. ಇಬ್ಬರಿಗೂ ನಗು ಬಂತು. ಅತ್ತಿಗೆ ನಾದಿನಿ ಒಟ್ಟಿಗೆ ನಕ್ಕದ್ದು ಇದೇ ಮೊದಲು ಇರಬೇಕು. ಅವಳ ನಗು ಥೇಟು ಅವರದ್ದೇ ನಗು. ಇಷ್ಟು ವರ್ಷ ನಾನು ಗಮನಿಸಿರಲಿಲ್ಲ.

ನನ್ನ ಬೇಡಿಕೆಗೆ ಯಾರೂ ಕಿವಿಗೊಡಲಿಲ್ಲ. ಪ್ರತೀಕನ ಹೆಂಡತಿ ಹೇಳಿದ್ದಕ್ಕಿಂತ ಬೇಗ ಬಂದು ಕೀ ಕೊಟ್ಟು, ಸ್ನಾನಕ್ಕೆಂದು ತನ್ನ ರಿಮೋಟಿನಿಂದ ಗ್ಯಾರೇಜು ತೆರೆದು ಒಳಗೆ ಹೋದಳು. ಪ್ರತೀಕ್ ಬಾಗಿಲಿನ ಬೀಗ ತೆಗೆದು, ಪಕ್ಕಕ್ಕೆ ಸರಿದು ದೀಪ ಹಿಡಿದು ನಿಂತ. ಅಕ್ಕನ ಮಗನಾದ ಅಳಿಯನೇ ಕರೆಯುವುದು ಸರಿ ಎಂದು ನೀಲಕ್ಕ ಮೊದಲೇ ಹೇಳಿದ್ದಳು.

"ಮಾಮ, ಉಲಾಯಿ ಬಲೆ," ಎಂದ. ಒಳಗೆ ಬನ್ನಿ ಎಂದು. ಗಾಳಿಗೆ ದೀಪ ಆರಿತು. ಮತ್ತೆ ಹಚ್ಚಿದ. ಮತ್ತೆ ಕರೆದ. ಮತ್ತೆ ಆರಿತು. ಟಾರ್ನೀಟಿನ ಗಾಳಿಗೆ ಯಾವ ದೀಪ ನಿಲ್ಲುತ್ತದೆ ಎಂದು ನಾನು ಹೇಳಬೇಕೆಂದಿದ್ದೆ. ನೀಲಕ್ಕ ನನ್ನ ಕಡೆ ತಿರುಗಿದಳು.

"ಅವ ಬರುದಿಲ್ಲ. ನೀನು ಹೊರಗೆ ನಿಂತಿದ್ದೀಯಲ್ಲ, ನಿನ್ನನ್ನು ಬಿಟ್ಟು ಹೇಗೆ ಬರ್ತಾನೆ? ಹರಿಣಾ, ನೀನು ಹೇಳು ಅವನಿಗೆ."

ಹೆಂಡತಿ ಕರೆಯುವ ಕ್ರಮ ಎಲ್ಲೂ ಇಲ್ಲ. ಅಂಗಳದಲ್ಲಿ ಗಾಳಿಯ ಹೊರತು ಏನೂ ಇರಲಿಲ್ಲ. ಅವರು ಅಲ್ಲಿ ನಿಂತಿದ್ದಾರೆ, ಷೂ ಹಾಕಿಕೊಂಡು, ಯಾರ ಮಾತು ಕೇಳಬೇಕೆಂದು ತಿಳಿಯದೆ, ನನ್ನ ಮುಖ ನೋಡುತ್ತಾ, ಎಂದು ನನಗೆ ಅನ್ನಿಸಿತು. ಬದುಕಿರುವಾಗಲೂ ಅವರು ಹಾಗೆಯೇ. ನಾನು ಹೂಂ ಎನ್ನದೆ ಒಂದು ಅಂಗಿ ಕೊಂಡವರಲ್ಲ.

"ಹೋಗಿ ಮಾರಾಯ್ರೇ," ಎಂದೆ. "ಒಳಗೆ ಹೋಗಿ. ಚಳಿ ಉಂಟು. ಎಲ್ಲ ಕಾಯ್ತಾ ಇದ್ದಾರೆ."

ಮುಂದಿನದ್ದು ನನಗೆ ಸರಿಯಾಗಿ ನೆನಪಿಲ್ಲ. ಪ್ರತೀಕ್ ಮುಂದೆ ಹೋದ, ನೀಲಕ್ಕ ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಸಾರು ಆರಿತ್ತು. ನಾವು ಅಡ್ಡಬಿದ್ದೆವು, ಆಮೇಲೆ ಊಟಕ್ಕೆ ಕೂತೆವು. ಬಂಗುಡೆಗೆ ಹುಳಿ ಸ್ವಲ್ಪ ಜಾಸ್ತಿಯಾಗಿತ್ತು, ಅವರಿಗೆ ಹಾಗೆಯೇ ಇಷ್ಟ. ನಾನು ಅಳಲಿಲ್ಲ. ಒಳಗೆಲ್ಲ ಖಾಲಿಯಾದ ಹಾಗಿತ್ತು, ಅಳುವುದಕ್ಕೂ ಏನೂ ಉಳಿದಿರಲಿಲ್ಲ.

ಸಂಜೆಯ ವಿಮಾನಕ್ಕೆ ಹೊರಟೆ. ಪ್ರತೀಕ್ ಏರ್‌ಪೋರ್ಟಿಗೆ ಬಿಡಲು ಕಾರು ತೆಗೆದ. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನೀಲಕ್ಕ ಹಾಲ್‌ನಲ್ಲಿ, ದೀಪದ ಮುಂದೆ, ನನಗೆ ಬೆನ್ನು ಹಾಕಿ ನಿಂತಿದ್ದಳು. ಚಿಕ್ಕ ತಮ್ಮನಿಗೆ ಹೇಳುವ ದನಿಯಲ್ಲಿ ಅವಳು ಹೇಳಿದ್ದು ನನಗೆ ಪೂರ್ತಿ ಕೇಳಿತು.

"ಪ್ರೇಮಾ, ಊಟ ಆಯ್ತಲ್ಲ. ಎಲ್ಲರನ್ನೂ ಕಂಡೂ ಆಯ್ತು. ಅವಳು ಹೊರಟಿದ್ದಾಳೆ, ಜೊತೆಗೆ ಹೋಗು. ಎಲೆ ಹಾಕಿದಾಗ ಕರೀತೇನೆ, ಆಗ ಬಂದರೆ ಸಾಕು."

ಬಾಗಿಲ ತನಕ ಬಂದಳು. ನಾನು ಅವಳ ಕಾಲು ಮುಟ್ಟಿದೆ. ಮದುವೆಯಾದಂದಿನಿಂದ ಬೀಳ್ಕೊಡುವಾಗ ನನಗೆ 'ನೋಡಿಕೊಂಡು ಹೋಗು' ಎನ್ನುವವಳು, "ನೋಡಿಕೊಂಡು ಹೋಗಿ, ಇಬ್ಬರೂ," ಎಂದಳು.

"ನಾನು ವಾಪಸ್ ಬರ್ತೇನಲ್ಲ ಅಮ್ಮ," ಎಂದ ಪ್ರತೀಕ್, ಕಾರಿನ ಮುಂದಿನ ಬಾಗಿಲು ನನಗಾಗಿ ತೆರೆದು ಹಿಡಿದು. "ಮಾಮಿ, ಮುಂದೆ ಕೂತ್ಕೊಳ್ಳಿ."

"ಹಿಂದೆಯೇ ಆಗ್ತದೆ ಮಾರಾಯ," ಎಂದೆ. ಹಿಂದಿನ ಸೀಟಿಗೆ ಹತ್ತಿ, ಆ ಕಡೆಯ ಕಿಟಕಿಯವರೆಗೆ ಸರಿದು ಕೂತೆ.